ಅರಿಶಿನ ಮದ್ದು ಹೌದು, ಆದರೆ ಎಷ್ಟು ಗ್ರಾಂ?

ಮಕ್ಕಳೇ, ಹೊಟ್ಟೆ ಕೆಟ್ಟಾಗ ಅಜ್ಜಿ ಮಾಡಿಕೊಡುವ ಕೊಡಸಿಗೆ ಕಷಾಯ, ಅರಿಶಿನ ಮಜ್ಜಿಗೆ ನಿಮಗೆಲ್ಲ ಗೊತ್ತು. ಅದನ್ನು ಕಂಡು ನಗುವವರು ಇದ್ದಾರೆ, ‘ಯಾವ ರೋಗಕ್ಕೂ ಇದೇ ಸಾಕು’ ಅನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಇಬ್ಬರೂ ಲೆಕ್ಕ ಮಾಡಿ ನೋಡಿದವರಲ್ಲ.

ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಉಂಟು. ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗಿ ರಕ್ತ ಬೆರೆತ ಭೇದಿಯಾಗುತ್ತದೆ. ನೋಡಲಿಕ್ಕೆ ಆಮಶಂಕೆಯ ಹಾಗೆಯೇ. ಆದರೆ ಆಮಶಂಕೆ ರೋಗಾಣುಗಳಿಂದ ಬರುವಂಥದ್ದು. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಹಾಗಾಗಿ ಒಂದಕ್ಕೆ ಹೆಸರಾದ ಕೊಡಸಿಗೆ ಇನ್ನೊಂದಕ್ಕೂ ಆದೀತು ಅಂತ ಹೇಳಲಾಗದು. ಇನ್ನೊಂದು ತೊಡಕು ಈ ಕಾಯಿಲೆಯ ಸ್ವಭಾವದಲ್ಲೇ ಇದೆ. ಕೆಲವೊಮ್ಮೆ ತಾನಾಗಿ ತಗ್ಗುತ್ತದೆ, ಮತ್ತೆ ಕೆರಳುತ್ತದೆ. ತಗ್ಗಿದ ವಾರ ಏನು ಕುಡಿದಿದ್ದೇವೋ ಅದಕ್ಕೆ ಕೀರ್ತಿ!

ಅದಕ್ಕೇ ಹೋಲಿಕೆ ಬೇಕು. 2006ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ, ಕಾಯಿಲೆ ತಗ್ಗಿದ್ದ 89 ಮಂದಿಯನ್ನು ಎರಡು ಗುಂಪು ಮಾಡಿದರು. ಮಾಮೂಲಿ ಮಾತ್ರೆ ಎಲ್ಲರಿಗೂ ಉಂಟು. ಜೊತೆಗೆ ಒಂದು ಗುಂಪಿಗೆ ಅರಿಶಿನದ ಕರ್ಕ್ಯುಮಿನ್ ದಿನಕ್ಕೆ 2 ಗ್ರಾಂ, ಇನ್ನೊಂದಕ್ಕೆ ಮದ್ದಿಲ್ಲದ ಪೊಳ್ಳು ಮಾತ್ರೆ. ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು, ಲೆಕ್ಕಕ್ಕೆ ಸಿಕ್ಕವರ ಪೈಕಿ, ಮೊದಲ ಗುಂಪಿನ 43ರಲ್ಲಿ 2 ಮಂದಿಗೆ; ಎರಡನೆಯದರ 39ರಲ್ಲಿ 8 ಮಂದಿಗೆ. ಸಣ್ಣ ಪ್ರಯೋಗ, ಆದರೂ ತಳ್ಳಿಹಾಕುವಂಥದ್ದಲ್ಲ.

ಈಗ ಪೆನ್ಸಿಲು ಹಿಡಿಯಿರಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡಾ 3. ಹಾಗಾದರೆ 2 ಗ್ರಾಂಗೆ ಎಷ್ಟು ಪುಡಿ ಬೇಕು? 66 ಗ್ರಾಂಗೂ ಹೆಚ್ಚು, ಅದೂ ದಿನಾಲೂ! ಸಾರಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ? ಹಾಗಂತ ಪುಡಿ ನುಂಗಲು ಹೊರಡಬೇಡಿ. ಸಾರ ತೆಗೆದ ಅರಿಶಿನ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ.

‘ಗಿಡದ್ದಲ್ವಾ, ಏನೂ ಆಗುವುದಿಲ್ಲ’ ಅನ್ನುವವರಿಗೆ ನೀಲಿಯ ಕತೆ ಹೇಳಿ. ಬಟ್ಟೆಗೆ ಬಣ್ಣ ಕೊಡುವ ಗಿಡಗಳಿಂದ ಚೀನಾದಲ್ಲಿ ಮಾಡುವ ಹಳೆಯ ಮದ್ದನ್ನು ಜಪಾನಿನಲ್ಲಿ 86 ಮಂದಿಯ ಮೇಲೆ ಪರೀಕ್ಷಿಸಿದರು. ಮದ್ದು ತಗೊಂಡವರಲ್ಲಿ ನೂರಕ್ಕೆ ಸುಮಾರು 70ರಿಂದ 80 ಮಂದಿಗೆ ಎಂಟು ವಾರದಲ್ಲಿ ಗುಣ ಕಂಡಿತು; ಪೊಳ್ಳು ಮಾತ್ರೆಯವರಲ್ಲಿ 14ರಷ್ಟು. ಆದರೆ ಇದೇ ಮದ್ದು ತಿಂದ ಬೇರೊಬ್ಬರ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ ವರದಿ ಬಂತು, ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ನನಗೆ ಸಿಟ್ಟು ಬರುವುದು ‘ಇಂಗ್ಲಿಷ್ ಮದ್ದು ಬಿಡಿ, ಇದನ್ನು ಕುಡಿಯಿರಿ’ ಎಂಬ ಜಾಹೀರಾತು ಕಂಡಾಗ. ಅರಿಶಿನ ಗೆದ್ದ ಆ ಪ್ರಯೋಗದಲ್ಲಿ ಒಬ್ಬರ ಮಾತ್ರೆಯನ್ನೂ ಬಿಡಿಸಿರಲಿಲ್ಲ. ಮನೆಯಲ್ಲಿ ಯಾರಾದರೂ ಮಾತ್ರೆ ನಿಲ್ಲಿಸಿ ಬರೀ ಕಷಾಯಕ್ಕೆ ಹೊರಟರೆ, ಡಾಕ್ಟರರಿಗೆ ಹೇಳಿದ್ದೀರಾ ಅಂತ ನೀವೇ ಕೇಳಿ. ಬೈದರೂ ಕೇಳಿ.