ಹಾಡು ನಿಲ್ಲಿಸಿ ನಡಿಗೆ ನೋಡಿರಿ

ಬೆಂಗಳೂರಿನ ಕುಕ್ ಟೌನಿನಂತಹ ಬಡಾವಣೆಗಳಲ್ಲಿ ಮಕ್ಕಳು ಪರದೇಶ ಸೇರಿ, ತಾವಿಬ್ಬರೇ ಉಳಿದಿರುವ ವಯೋವೃದ್ಧ ದಂಪತಿಗಳು ಉಂಟು. ಮಿಲ್ಟನ್ ಪಾರ್ಕಿನಲ್ಲಿ ಅವರ ಬೆಳಗಿನ ವಾಯುವಿಹಾರವನ್ನು ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಲವಲವಿಕೆಯ ಹಾಡೊಂದನ್ನು ಹಿನ್ನೆಲೆಗೆ ಜೋಡಿಸಿ ಮಕ್ಕಳಿಗೆ ಕಳುಹಿಸುವುದು ಈಗಿನ ರೂಢಿ. ಅಪ್ಪಾಜಿ ಚುರುಕಾಗಿ ನಡೆಯುತ್ತಿದ್ದಾರೆಂದು ಮಕ್ಕಳು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯ ಬಗ್ಗೆ ನಮಗೆ ಸಂದೇಹವಿದೆ.

ಕಾಲದ ಅಳತೆಯಲ್ಲಿ ಕಿವಿಯು ಕಣ್ಣಿಗಿಂತ ಸೂಕ್ಷ್ಮ. ಮಿನುಗುವ ದೀಪದೊಡನೆ ಕೇಳಿಸುವ ಶಬ್ದದ ಗತಿಯನ್ನು ಏರಿಸಿದರೆ ದೀಪವೇ ಬೇಗಬೇಗ ಮಿನುಗಿದಂತೆ ತೋರುವುದು 1960ರ ದಶಕದ ಪ್ರಯೋಗಗಳಲ್ಲಿಯೇ ಕಂಡ ಸಂಗತಿ. ಮನುಷ್ಯನ ಚಲನೆಯ ವಿಷಯದಲ್ಲಿ ಕಣ್ಣು ಅಷ್ಟು ಸುಲಭವಾಗಿ ಸೋಲದು. 1973ರಲ್ಲಿ ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಅವರು ಕತ್ತಲೆಯಲ್ಲಿ ಕೀಲುಗಳ ಮೇಲಿನ ಕೆಲವೇ ಬೆಳಕಿನ ಬಿಂದುಗಳನ್ನು ತೋರಿಸಿದರೂ, ನಡೆಯುತ್ತಿರುವವನು ಮನುಷ್ಯನೆಂದು ನೋಡುಗರು ಕ್ಷಣಾರ್ಧದಲ್ಲಿ ಗುರುತಿಸಿದರು. ಆದರೆ ಅಂಗೈಯಗಲದ ಪರದೆಯಲ್ಲಿ, ದೂರದಿಂದ ತೆಗೆದ ಚಿತ್ರದಲ್ಲಿ ಕಣ್ಣಿಗೆ ಆಧಾರ ಕಡಿಮೆ. ಅಲ್ಲಿ ಕಿವಿಯ ಮಾತೇ ಗೆಲ್ಲುವ ಸಂಭವ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಜಾತ್ರೆಯಲ್ಲಿ ವೀರಗಾಸೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಡೆಯ ಗತಿ ಏರಿತೆಂದರೆ ಮುಂದೆ ಕುಣಿಯುವವರಷ್ಟೇ ಅಲ್ಲ, ಹಿಂದೆ ಸುಮ್ಮನೆ ಹೆಜ್ಜೆ ಹಾಕುವ ಹುಡುಗನೂ ಮಿಂಚಿನಂತೆ ಕಾಣುತ್ತಾನೆ!

ಲಯವು ನೋಟವನ್ನಲ್ಲದೆ ನಡಿಗೆಯನ್ನೂ ಬದಲಿಸುತ್ತದೆ. ನಿಯತವಾದ ತಾಳವನ್ನು ಕೇಳುತ್ತ ಅಭ್ಯಾಸ ಮಾಡಿದ ಪಾರ್ಕಿನ್ಸನ್ ರೋಗಿಗಳ ಹೆಜ್ಜೆ ಉದ್ದವಾಗಿ ವೇಗ ಹೆಚ್ಚಿದುದನ್ನು ಅಮೆರಿಕದ ಮೈಕೇಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯಾಗಿ ಇದು ಸ್ವಾಗತಾರ್ಹ; ಪರೀಕ್ಷಿಸುವ ಹೊತ್ತಿನಲ್ಲಿ ಇದೇ ತೊಡಕು. ಹಾಡಿನ ಆಸರೆಯಲ್ಲಿ ನೆಟ್ಟಗೆ ನಡೆದವರು ನಡುರಾತ್ರಿ ಬಚ್ಚಲುಮನೆಯ ಹಾದಿಯಲ್ಲಿ ಮುಗ್ಗರಿಸಬಹುದು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಅರಿಕೆ: ಹಾಡು, ಟಿವಿ ಎಲ್ಲವನ್ನೂ ನಿಲ್ಲಿಸಿ ಮನೆಯ ಹಿರಿಯರ ನಡಿಗೆಯನ್ನು ಆಗಾಗ ಅಳೆಯಿರಿ. ನೆಲದ ಮೇಲೆ 6 ಮೀಟರಿಗೆ ಗುರುತು ಹಾಕಿರಿ. ಎರಡು ಹೆಜ್ಜೆ ಹಿಂದಿನಿಂದಲೇ ಹೊರಟು, ಕೊನೆಯ ಗುರುತನ್ನು ದಾಟಿ ನಿಲ್ಲಲಿ. ಎಂದಿನ ನಡಿಗೆಯೇ ಇರಲಿ. ಕೋಲು ಹಿಡಿಯುವವರು ಕೋಲಿನೊಡನೆಯೇ ನಡೆಯಲಿ, ಪಕ್ಕದಲ್ಲೊಬ್ಬರು ಇರಲಿ. ಏಷ್ಯಾದ ತಜ್ಞರ 2019ರ ಒಮ್ಮತದಂತೆ, ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಾದರೆ, ಅಂದರೆ ಈ ದೂರಕ್ಕೆ 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅದು ದೇಹಶಕ್ತಿ ಕುಂದುತ್ತಿರುವ ಲಕ್ಷಣ. ವೈದ್ಯರನ್ನು ಕಾಣುವುದು ಲೇಸು. ಪರದೇಶದ ಮಕ್ಕಳಿಗೆ ಆ ಸೆಕೆಂಡುಗಳನ್ನೇ ಬರೆದು ಕಳುಹಿಸಿರಿ. ವಿಡಿಯೊ ಬೇಕೆಂದರೆ ಹಾಡಿಲ್ಲದೆ ಕಳುಹಿಸಿರಿ. ಕಾಲೆಳೆಯುವ ಸದ್ದಿದ್ದರೆ ಅದೂ ಅವರಿಗೆ ಕೇಳಿಸಲಿ.