ಏದುಸಿರು ಮತ್ತು ವಿಶ್ರಾಂತಿ

ಕೆಟ್ಟ ಯಂತ್ರವನ್ನು ಓಡಿಸಬಾರದೆಂಬುದು ಎಲ್ಲರೂ ಬಲ್ಲ ನೀತಿ. ಮನೆಯ ಹಿರಿಯರೊಬ್ಬರಿಗೆ ಬಹುಕಾಲದ ಶ್ವಾಸಕೋಶದ ರೋಗವಿದ್ದರೆ ಆ ನೀತಿಯನ್ನೇ ಅವರಿಗೂ ಅನ್ವಯಿಸುತ್ತೇವೆ. ನೀರಿನ ಲೋಟ, ವೃತ್ತಪತ್ರಿಕೆ, ಊಟದ ತಟ್ಟೆ ಎಲ್ಲವೂ ಅವರು ಕುಳಿತಲ್ಲಿಗೇ ಬರುವುವು. ಇದು ಪ್ರೀತಿಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಕಾರವಲ್ಲವೆಂದು ನನ್ನ ಅಭಿಪ್ರಾಯ.

ರೋಗದ ಸ್ವರೂಪವನ್ನು ಮೊದಲು ನೋಡೋಣ. ಬೀಡಿ ಸಿಗರೇಟುಗಳ ಹೊಗೆ, ಸೌದೆಯೊಲೆಯ ಹೊಗೆ ಮೊದಲಾದವುಗಳಿಂದ ಉಸಿರುನಾಳಗಳು ಕಾಲಕ್ರಮದಲ್ಲಿ ಕಿರಿದಾಗುವುವು. ನಿಧಾನವಾದ ಪ್ರವಾಹದಲ್ಲಿ ಕೊಳವೆಯ ತ್ರಿಜ್ಯ ಅರ್ಧವಾದರೆ ತಡೆಯು 2 ಪಟ್ಟಲ್ಲ, 16 ಪಟ್ಟಾಗುವುದೆಂಬ ಪ್ವಾಸೇಯನ ನಿಯಮವನ್ನು ವಿದ್ಯಾರ್ಥಿಗಳು ಓದಿರಬಹುದು. ಆದುದರಿಂದ ಒಳಹೊಕ್ಕ ಗಾಳಿ ಹೊರಬರಲು ಹೆಚ್ಚು ಕಾಲ ಬೇಕು. ಬೇಗಬೇಗನೆ ಉಸಿರಾಡುವಾಗ ಆ ಕಾಲ ಸಾಲದೆ ಗಾಳಿ ಒಳಗೇ ಉಳಿಯುವುದು, ಏದುಸಿರು ಬರುವುದು.

ಹೆದರಿದ ರೋಗಿ ಕುಳಿತುಬಿಡುತ್ತಾನೆ. ವಿಷಚಕ್ರ ಆರಂಭವಾಗುವುದು ಇಲ್ಲಿಯೇ. ಕೆಲಸವಿಲ್ಲದ ತೊಡೆಯ ಸ್ನಾಯುಗಳು ಕ್ಷೀಣಿಸುವುವು. ಕ್ಷೀಣಿಸಿದ ಸ್ನಾಯು ಅಲ್ಪಶ್ರಮಕ್ಕೇ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವುದು. ಅದರಿಂದ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ಹೊರದೂಡಲು ಉಸಿರು ಮತ್ತಷ್ಟು ವೇಗಗೊಳ್ಳಬೇಕು. ಹಿಂದೆ ಬೀದಿಯ ತಿರುವಿನಲ್ಲಿ ಬರುತ್ತಿದ್ದ ಏದುಸಿರು ಈಗ ಬಚ್ಚಲಿನ ಬಾಗಿಲಲ್ಲೇ ಬರುವುದು. ತಪ್ಪು ಶ್ವಾಸಕೋಶದ್ದೊಂದೇ ಅಲ್ಲ, ಕುರ್ಚಿಯದೂ ಉಂಟು.

ವೈದ್ಯರೂ ಒಂದು ಕಾಲಕ್ಕೆ ಇಂತಹವರಿಗೆ ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. 1952ರಲ್ಲಿ ಅಮೆರಿಕದ ಆಲ್ವನ್ ಬರಾಕ್ ಮತ್ತು ಸಂಗಡಿಗರು ನಡಿಗೆಯ ಅಭ್ಯಾಸ ಹಿತಕರವೆಂದು ಸೂಚಿಸಿದರು. 1960ರ ದಶಕದಲ್ಲಿ ಡೆನ್ವರ್ ನಗರದ ಥಾಮಸ್ ಪೆಟ್ಟಿ ಅಂತಹ ಅಭ್ಯಾಸವನ್ನು ಕ್ರಮಬದ್ಧ ಚಿಕಿತ್ಸೆಯ ಅಂಗವಾಗಿ ಬೆಳೆಸಿದರು. ಇದರಿಂದ ಹಾಳಾದ ಶ್ವಾಸಕೋಶ ಮೊದಲಿನಂತಾಗದು, ನಿಜ. ಆದರೆ ಸ್ನಾಯುಗಳು ಬಲಗೊಂಡು, ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕಾಗುವುದು. ಯಂತ್ರವು ಓಡಿ ಸವೆಯುತ್ತದೆ. ದೇಹ ಓಡದೆಯೂ ಸವೆಯುತ್ತದೆ. ನಮ್ಮ ಹೋಲಿಕೆ ತಪ್ಪಿದುದು ಇಲ್ಲಿ.

ಬೆಳಗ್ಗೆ ಸ್ವಲ್ಪ ನಡೆದು ಉಳಿದ ಹೊತ್ತೆಲ್ಲ ಕುಳಿತರೆ ಸಾಲದು. ಕೂರುವ ಕಾಲವನ್ನೇ ಆಗಾಗ ತುಂಡರಿಸಬೇಕು. ಇದಕ್ಕೆ ಉಪಕರಣವೇನೂ ಬೇಡ. ವೈದ್ಯರ ಸಲಹೆ ಪಡೆದು, ನೀರಿನ ಹೂಜಿಯನ್ನು ಕುರ್ಚಿಯ ಬದಿಯಿಂದ ಅಡುಗೆಮನೆಗೆ ಸಾಗಿಸಿರಿ. ಅಜ್ಜ ಎದ್ದಾಗ ನೀವೂ ಜೊತೆಗೆ ನಡೆಯಿರಿ. ಏದುಸಿರು ಬಂದರೆ ಅವರು ನಿಂತು, ತುಟಿಗಳನ್ನು ಕಿರಿದುಮಾಡಿ ನಿಧಾನವಾಗಿ ಉಸಿರು ಬಿಡಲಿ. ಸುಧಾರಿಸಿಕೊಂಡು ಮುಂದೆ ಹೋಗಲಿ. ಎದೆನೋವು, ತಲೆಸುತ್ತು ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತಂದುಕೊಡುವುದು ಸುಲಭ, ಜೊತೆಗೆ ನಡೆಯಲು ತಾಳ್ಮೆ ಬೇಕು. ಹಿರಿಯರಿಗೆ ಸಲ್ಲಬೇಕಾದ ಸೇವೆ ಇದು.