ಯರಮರಸ್ ರನ್‌ವೇ, ನಮ್ಮ ಗುಳೆ ಬಸ್ಸು



ಯರಮರಸ್ ವಿಮಾನ ನಿಲ್ದಾಣದ್ದೇ ವಾಟ್ಸಾಪ್ ತುಂಬ ಸಂಭ್ರಮ. ನಾನೇನು ವಿರೋಧಿ ಅಲ್ಲ, ಬರಲಿ. ಆದ್ರೆ ಆ ಜಾಗದ ಹಳೆ ಕಥೆ ಒಂದಿಷ್ಟು ನೆನಪಿಸ್ಕೊಳ್ಳೋಣ.

ಅದು ನಿಜಾಮರ ಕಾಲದ, ಎರಡನೇ ಮಹಾಯುದ್ಧದ ಹೊತ್ತಿನ ಏರ್‌ಸ್ಟ್ರಿಪ್ ಅಂತ ಹಿರಿಯರು ಹೇಳ್ತಾರೆ. ಸುಮಾರು 400 ಎಕರೆ. ಯುದ್ಧ ಮುಗೀತು, 1948ರಲ್ಲಿ ನಿಜಾಮರ ಆಳ್ವಿಕೆ ಹೋಯ್ತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ರನ್‌ವೇ ಮಾತ್ರ ಹಂಗೇ ಪಾಳು ಬಿತ್ತು. ಅಲ್ಲಿ ಯಾವ ದೊಡ್ಡವರು ಬಂದು ಇಳಿದ್ರು ಅಂತ ಎಲ್ಲರೂ ಕಥೆ ಹೇಳ್ತಾರೆ. ಕಲ್ಲು ಒಡೆದವರು, ಮಣ್ಣು ಹೊತ್ತವರು ಯಾವ ಕೇರಿಯವರು? ಕೂಲಿ ಕೊಟ್ರೋ, ಬಿಟ್ಟಿ ದುಡಿಸಿದ್ರೋ? ಆ ಸಂಸ್ಥಾನದಲ್ಲಿ ಬಿಟ್ಟಿ ಚಾಕರಿ ಯಾರ ಹೆಗಲ ಮೇಲಿತ್ತು ಅಂತ ನಮಗೇನು ಹೊಸದಾಗಿ ಹೇಳಬೇಕಾಗಿಲ್ಲ.

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬೈ ಹಳಿ, ಮದ್ರಾಸ್ ಹಳಿ ಕೂಡಿದ್ದೇ ಇಲ್ಲಿ. ದೇವದುರ್ಗಕ್ಕೆ ಇವತ್ತಿಗೂ ರೈಲಿಲ್ಲ. ಗಿಣಿಗೇರಾ-ಮಹಬೂಬನಗರ ಮಾರ್ಗ ತೊಂಬತ್ತರ ದಶಕದಲ್ಲಿ ಮಂಜೂರಾಗಿ, 2024ರಲ್ಲಿ ಸಿಂಧನೂರು ಮುಟ್ಟಿತು. ಮಾನ್ವಿಯವರದು ಆಗಲೂ ಕಾಯೋದೇ ಆಯ್ತು. ನಮ್ಮ ಜನಕ್ಕೆ ಪ್ರಯಾಣ ಅಂದ್ರೆ ಗುಳೆ. ಹಾಸಿಗೆ, ಪಾತ್ರೆ, ಮಕ್ಕಳು, ರಾತ್ರಿ ಬಸ್ಸು. ಬೆಂಗಳೂರಿನಲ್ಲಿ ಯಾರದೋ ಬಿಲ್ಡಿಂಗು.

ಇನ್ನು ಲೆಕ್ಕದ ಮಾತು. ರಸ್ತೆ, ಸೇತುವೆ ಎಲ್ಲರಿಗೂ, ಹಂಗಾಗಿ ದಲಿತರಿಗೂ ಅಂತ ಬರೆದು ಪರಿಶಿಷ್ಟರ ಹಣ ಬೇರೆ ಕಡೆ ತಿರುಗಿಸೋಕೆ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7(ಡಿ) ಕಲಂ ದಾರಿ ಮಾಡಿತ್ತು. ಹೋರಾಟಗಾರರು ಕೂಗಿ ಕೂಗಿ 2023ರಲ್ಲಿ ಅದು ಹೋಯ್ತು. ಕಲಂ ಹೋದ್ರೂ ಬುದ್ಧಿ ಹೋಗ್ಯಾದ ಅಂತ ನನಗೆ ನಂಬಿಕೆ ಇಲ್ಲ. ನಾನು ಗುಮಾಸ್ತ, ಫೈಲಿನಲ್ಲಿ 'ಸಾರ್ವಜನಿಕ ಹಿತ' ಅನ್ನೋ ಎರಡು ಪದದ ಕೆಳಗೆ ಎಷ್ಟು ಜನ ಮುಚ್ಚಿಹೋಗ್ತಾರ ಅಂತ ದಿನಾ ನೋಡ್ತೀನಿ.

ಅದಕ್ಕೆ ನಮ್ಮ ಬೇಡಿಕೆ ಈಗಲೇ, ರಿಬ್ಬನ್ ಕತ್ತರಿಸೋ ಮುಂಚೆ. ಹೊರಗುತ್ತಿಗೆ ಹೆಸರಲ್ಲಿ 371(ಜೆ) ಮತ್ತು ಪರಿಶಿಷ್ಟರ ಮೀಸಲಾತಿ ಜಾರಿಸಬಾರದು. ಯಾವ ಹುದ್ದೆ ಎಷ್ಟು, ಸ್ಥಳೀಯರಿಗೆಷ್ಟು ಅಂತ ಬರವಣಿಗೆಯಲ್ಲಿ ಬೇಕು. ದೇವದುರ್ಗ, ಮಾನ್ವಿ ಹುಡುಗ-ಹುಡುಗಿಯರಿಗೆ ಇವತ್ತಿಂದಲೇ ತರಬೇತಿ ಕೊಡ್ರಿ. ಕಸಬರಿಗೆ ನಮ್ಮ ಕೈಗೆ, ಟಿಕೆಟ್ ಕೌಂಟರ್ ಬೇರೆಯವರ ಕೈಗೆ ಅನ್ನೋ ಆಟ ನಡೆಯಲ್ಲ.

ನಿಮ್ಮ ಓಣಿಯಿಂದ ಈ ವರ್ಷ ಎಷ್ಟು ಮನೆ ಗುಳೆ ಹೋಗ್ಯಾವ, ಕಾಮೆಂಟಿನಲ್ಲಿ ಬರೀರಿ. ಮನವಿಪತ್ರಕ್ಕೆ ಸೇರಿಸೋದದ.